ಸ್ಪೈಕ್ ಗಾರ್ಡ್‌ನ ಕೆಂಪು ದೀಪ ಉರಿಯುತ್ತಿದೆ, ಟಿವಿ ಹೇಗೆ ಸುಟ್ಟಿತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿಮನೆ. ರಸ್ತೆಬದಿಯ ಕಂಬದಿಂದ ಸರ್ವಿಸ್ ವೈರ್ ಅಡಿಕೆ ಮರಗಳ ನಡುವೆ ಹಾದು ಬರುತ್ತದೆ. ಹೋದ ವರ್ಷ ಭರಣಿ ಮಳೆಯಲ್ಲಿ ಹತ್ತಿರದಲ್ಲೇ ಸಿಡಿಲು ಹೊಡೆದು ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ರೌಟರ್ ಮೂರೂ ಹೋದವು. ಮೂರನ್ನೂ 400 ರೂಪಾಯಿಯ ಸ್ಪೈಕ್ ಗಾರ್ಡ್‌ಗೆ ಹಾಕಿದ್ದೆವು. ಅದರ ಕೆಂಪು ದೀಪ ಈಗಲೂ ಚೆನ್ನಾಗಿ ಉರಿಯುತ್ತಿದೆ! ಅದಕ್ಕೂ ಮೊದಲು ಒಂದು ಸಂಜೆ ಬಲ್ಬುಗಳು ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿ ಒಂದೆರಡು ಸುಟ್ಟುಹೋಗಿದ್ದವು. ಆಗ ಅಡುಗೆಮನೆಯ ಇನ್ನೊಂದು ಸ್ಪೈಕ್ ಗಾರ್ಡ್‌ನಿಂದ ಸುಟ್ಟ ವಾಸನೆ ಬಂತು. ಅಂಗಡಿಯವರು 1,800 ರೂಪಾಯಿಯದು ತಗೊಳ್ಳಿ ಅನ್ನುತ್ತಾರೆ. ವೈರ್‌ಮನ್ ಮೇನ್ ಬೋರ್ಡ್‌ಗೆ ಎಸ್‌ಪಿಡಿ (ಇಡೀ ಮನೆಯನ್ನು ಇಂಥ ಹೊಡೆತದಿಂದ ಕಾಯುವ ಸಾಧನ) ಹಾಕಿಸಿ, ಆರು ಸಾವಿರ ಆಗುತ್ತದೆ ಅನ್ನುತ್ತಾರೆ. ಫ್ರಿಜ್‌ಗೆ ಸ್ಟೆಬಿಲೈಸರ್, ಮನೆಗೆ ಯುಪಿಎಸ್ ಇದ್ದೇ ಇದೆ, ಅಷ್ಟು ಸಾಲದೇ? 400ರದ್ದಕ್ಕೂ 1,800ರದ್ದಕ್ಕೂ ನಿಜವಾಗಿ ವ್ಯತ್ಯಾಸ ಇದೆಯೇ, ಅಥವಾ ಬರೀ ಹೆಸರಿಗೆ ದುಡ್ಡೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅವಘಡಗಳಿವೆ. ಒಂದು ಸಿಡಿಲಿನದು. ಇನ್ನೊಂದು, ಬಲ್ಬು ಜಾಸ್ತಿ ಬೆಳಗಿ ಸುಟ್ಟಿದ್ದು. ಎರಡರ ಕಾರಣವೂ ಬೇರೆ, ಮದ್ದೂ ಬೇರೆ. ಇದನ್ನು ಬಿಡಿಸಿಕೊಳ್ಳದೆ ಎಷ್ಟೇ ದುಬಾರಿ ಸ್ಪೈಕ್ ಗಾರ್ಡ್ ತಂದರೂ ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಬರುತ್ತದೆ.

ಮೊದಲು ಆ ಕೆಂಪು ದೀಪದ ವಿಷಯ ಮುಗಿಸಿಬಿಡೋಣ. ಹೆಚ್ಚಿನ ಅಗ್ಗದ ಸ್ಪೈಕ್ ಗಾರ್ಡ್‌ಗಳಲ್ಲಿ ಅದು ಸ್ವಿಚ್ಚಿನ ಒಳಗಿರುವ ಪುಟ್ಟ ನಿಯಾನ್ ದೀಪ. ಬೋರ್ಡಿಗೆ ಕರೆಂಟ್ ಬರುತ್ತಿದೆ ಅಂತ ಮಾತ್ರ ಅದು ಹೇಳುತ್ತದೆ. ಒಳಗಿನ ರಕ್ಷಣೆಯ ಭಾಗ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಗೊತ್ತಿಲ್ಲ. ಒಳ್ಳೆಯ ಮಾದರಿಗಳಲ್ಲಿ ಇದಲ್ಲದೆ ಇನ್ನೊಂದು ದೀಪ ಇರುತ್ತದೆ, ಸಾಮಾನ್ಯವಾಗಿ ಹಸಿರು. ರಕ್ಷಣೆಯ ಸರ್ಕ್ಯೂಟ್ ಹೋದರೆ ಅದು ಆರಿಹೋಗುತ್ತದೆ. ಅಂಗಡಿಯಲ್ಲಿ ನೋಡಬೇಕಾದ ಮೊದಲ ವ್ಯತ್ಯಾಸವೇ ಇದು.

ಈಗ ಒಳಗೆ ನೋಡೋಣ. ಸ್ಪೈಕ್ ಗಾರ್ಡ್ ಸಿಡಿಲಿನ ಹೊಡೆತವನ್ನು ತಡೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ತಡೆಯುವುದಿಲ್ಲ, ಬೇರೆ ದಾರಿ ಬಿಟ್ಟುಕೊಡುತ್ತದೆ. ಕೆರೆಯ ಕೋಡಿ ಇದ್ದ ಹಾಗೆ: ಮಟ್ಟ ಮೀರಿದ ನೀರು ಏರಿಯನ್ನು ಒಡೆಯದೆ ಪಕ್ಕದಿಂದ ಹರಿದುಹೋಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ. ದಾರಿ ಎಷ್ಟು ಅಗಲ? ಅದು ಎಲ್ಲಿಗೆ ಹೋಗುತ್ತದೆ? ಹೊಡೆತ ತಾಳದೆ ಅದೇ ಸತ್ತರೆ ಏನಾಗುತ್ತದೆ?

ಆ ದಾರಿ ಅಂದರೆ ಎಂಓವಿ ಎನ್ನುವ ಒಂದು ಬಿಲ್ಲೆ. ಸತುವಿನ ಆಕ್ಸೈಡ್ ಪುಡಿಗೆ ಬೇರೆ ಕೆಲವು ಆಕ್ಸೈಡ್ ಬೆರೆಸಿ, ಒತ್ತಿ, ಸುಟ್ಟು ಮಾಡಿದ್ದು. 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಶಿತ ಕಂಪನಿಯಲ್ಲಿ ರೂಪುಗೊಂಡ ಈ ಬಿಲ್ಲೆಯೇ ಇವತ್ತು 400 ರೂಪಾಯಿಯದರಲ್ಲೂ ಇರುತ್ತದೆ, 1,800ರದ್ದರಲ್ಲೂ ಇರುತ್ತದೆ. ಮಾಮೂಲಿ ವೋಲ್ಟೇಜಿನಲ್ಲಿ ಅದು ಕರೆಂಟನ್ನು ಬಿಡುವುದೇ ಇಲ್ಲ ಅನ್ನಬಹುದು. ವೋಲ್ಟೇಜ್ ಒಂದು ಮಟ್ಟ ದಾಟಿದ ಕೂಡಲೇ ಬಾಗಿಲು ತೆರೆಯುತ್ತದೆ. ನಮ್ಮ 230 ವೋಲ್ಟ್ ಅಂದರೆ ಅಲೆಯ ತುದಿಯಲ್ಲಿ ಸುಮಾರು 325 ವೋಲ್ಟ್. ಹಾಗಾಗಿ ಬಾಗಿಲು ಅದಕ್ಕಿಂತ ಸಾಕಷ್ಟು ಮೇಲೆಯೇ ಇರಬೇಕು.

ನನ್ನ ಮೇಜಿನ ಮೇಲೆ ಬಿಚ್ಚಿಟ್ಟ ಎರಡು ಸ್ಪೈಕ್ ಗಾರ್ಡ್‌ಗಳಿವೆ. ಒಂದು ನಿಮ್ಮಲ್ಲಿರುವಂಥ ಅಗ್ಗದ್ದು. ಫೇಸ್ ಪಟ್ಟಿಗೂ ನ್ಯೂಟ್ರಲ್ ಪಟ್ಟಿಗೂ ನಡುವೆ ಅವರೆಕಾಳಿನಷ್ಟಿರುವ ಒಂದೇ ಒಂದು ನೀಲಿ ಬಿಲ್ಲೆ, 7 ಮಿ.ಮೀ. ಅಗಲದ್ದು. ಅದರ ಕಾಲುಗಳನ್ನು ಹಿತ್ತಾಳೆ ಪಟ್ಟಿಗೆ ನೇರ ಬೆಸುಗೆ ಹಾಕಿದ್ದಾರೆ. ಅರ್ಥ್ ಪಟ್ಟಿಗೆ ಏನೂ ಇಲ್ಲ. ಇನ್ನೊಂದರಲ್ಲಿ ಸಣ್ಣ ಸರ್ಕ್ಯೂಟ್ ಬೋರ್ಡ್ ಇದೆ. ಅದರ ಮೇಲೆ ಮೂರು ದೊಡ್ಡ ಬಿಲ್ಲೆ: ಫೇಸ್–ನ್ಯೂಟ್ರಲ್ ನಡುವೆ ಒಂದು, ಫೇಸ್–ಅರ್ಥ್ ನಡುವೆ ಒಂದು, ನ್ಯೂಟ್ರಲ್–ಅರ್ಥ್ ನಡುವೆ ಒಂದು. ಬಿಲ್ಲೆಗೆ ಅಂಟಿಕೊಂಡೇ ಒಂದು ಥರ್ಮಲ್ ಫ್ಯೂಸ್ (ಬಿಸಿ ಏರಿದರೆ ಕಡಿದುಹೋಗುವಂಥದ್ದು), ಎರಡನ್ನೂ ಸೇರಿಸಿ ಕಪ್ಪು ಕೊಳವೆ ಹಾಕಿ ಬಿಗಿ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಬಿಳಿ ಡಬ್ಬಿ.

ಬಿಲ್ಲೆಯ ಮೇಲೆ 14ಡಿ471ಕೆ ಅಂತಲೋ 20ಡಿ471ಕೆ ಅಂತಲೋ ಅಚ್ಚು ಇರುತ್ತದೆ. ಮೊದಲಿನ 14 ಅಥವಾ 20 ಅಂದರೆ ಬಿಲ್ಲೆಯ ಅಗಲ, ಮಿಲಿಮೀಟರಿನಲ್ಲಿ. 471 ಅಂದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟ್. ಅಲ್ಲಿಂದ ಬಾಗಿಲು ತೆರೆಯಲು ಶುರು. ಸಾಮಾನ್ಯ ದರ್ಜೆಯಲ್ಲಿ 7 ಮಿ.ಮೀ. ಬಿಲ್ಲೆ ಒಂದು ಸಲಕ್ಕೆ ಸುಮಾರು 1,200 ಆಂಪ್ ಹೊಡೆತ ತಾಳುತ್ತದೆ, 14ರದ್ದು 4,500, 20ರದ್ದು 6,500. ಈ ಲೆಕ್ಕ ಸೆಕೆಂಡಿನ ಲಕ್ಷದಲ್ಲಿ ಎರಡು ಪಾಲಿನಷ್ಟು ಹೊತ್ತಿನ ಹೊಡೆತಕ್ಕೆ ಮಾತ್ರ. ಮತ್ತೆ ಮತ್ತೆ ಹೊಡೆತ ಬಿದ್ದರೆ ತಾಳುವ ಶಕ್ತಿ ಇದಕ್ಕಿಂತ ಎಷ್ಟೋ ಕಡಿಮೆ. ಪ್ರತಿ ಹೊಡೆತಕ್ಕೂ ಬಿಲ್ಲೆ ಸ್ವಲ್ಪ ಸವೆಯುತ್ತದೆ. ಐದು ವರ್ಷ ಮಲೆನಾಡಿನ ಮುಂಗಾರು ಮೊದಲಿನ ಗುಡುಗು ಮಳೆ ಕಂಡ ಸ್ಪೈಕ್ ಗಾರ್ಡ್ ಹೊಸದರ ಹಾಗೆ ಕೆಲಸ ಮಾಡುತ್ತದೆ ಅಂತ ನಂಬಬೇಡಿ.

ಹಾಗಾದರೆ ಬೆಲೆ ನೋಡಿ ಕೊಂಡರೆ ಆಯಿತಲ್ವಾ? ಇಲ್ಲ. ದುಬಾರಿ ಡಬ್ಬಿಗಳಲ್ಲಿ ಎಷ್ಟೋ ಸಲ ದುಡ್ಡು ಹೋಗಿರುವುದು ಯುಎಸ್‌ಬಿ ಪೋರ್ಟಿಗೆ, ಉದ್ದ ವೈರಿಗೆ, ಪ್ರತಿ ಸಾಕೆಟ್ಟಿಗೊಂದು ಸ್ವಿಚ್ಚಿಗೆ. ಪ್ಯಾಕಿನ ಮೇಲೆ ದೊಡ್ಡದಾಗಿ ಬರೆದ ಜೂಲ್ ಸಂಖ್ಯೆಯನ್ನೂ (ಎಷ್ಟು ಶಕ್ತಿಯ ಹೊಡೆತ ನುಂಗುತ್ತದೆ ಅನ್ನುವ ಲೆಕ್ಕ) ನಾನು ಅಷ್ಟಾಗಿ ನೆಚ್ಚುವುದಿಲ್ಲ. ಮೂರು ಬಿಲ್ಲೆಯದನ್ನು ಕೂಡಿಸಿ ಒಂದೇ ದೊಡ್ಡ ಸಂಖ್ಯೆ ಬರೆಯುವುದು ಸುಲಭ. ಸಾಕೆಟ್ಟಿನ ಮೇಲಿನ ಐಎಸ್‌ಐ ಮುದ್ರೆ ಬೇಕೇ ಬೇಕು, ಅನುಮಾನವಿಲ್ಲ. ಆದರೆ ಐಎಸ್ 1293 ಎನ್ನುವ ಆ ಮಾನದಂಡ ಪ್ಲಗ್ ಮತ್ತು ಸಾಕೆಟ್ಟಿಗೆ ಸಂಬಂಧಿಸಿದ್ದು. ಅದು ಸರ್ಜ್ ಅಂದರೆ ಇಂಥ ಕ್ಷಣಿಕ ಹೊಡೆತದ ರಕ್ಷಣೆಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪ್ಯಾಕಿನ ಮೇಲೆ ಹುಡುಕಬೇಕಾದ್ದು ಬೇರೆ: ಎಷ್ಟು ಆಂಪ್ ಹೊಡೆತ ತಾಳುತ್ತದೆ, ಎಷ್ಟು ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ, ಮೂರೂ ಜೋಡಿ ತಂತಿಗಳ ನಡುವೆ ರಕ್ಷಣೆ ಇದೆಯೇ, ಥರ್ಮಲ್ ಕಟ್ ಇದೆಯೇ, ರಕ್ಷಣೆ ಸತ್ತರೆ ತಿಳಿಸುವ ದೀಪ ಇದೆಯೇ. ಇಷ್ಟನ್ನು ಬರೆದಿರದ ಡಬ್ಬಿಯನ್ನು ಬರೀ ಎಕ್ಸ್‌ಟೆನ್ಷನ್ ಬೋರ್ಡ್ ಅಂತಲೇ ಎಣಿಸಿ.

ಇನ್ನು ನಿಮ್ಮ ಟಿವಿ. ಸುಟ್ಟ ಟಿವಿಯನ್ನು ರಿಪೇರಿಗೆ ಕೊಟ್ಟಿದ್ದರೆ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: ಪವರ್ ಸಪ್ಲೈ ಹೋಗಿದೆಯೋ, ಎಚ್‌ಡಿಎಂಐ (ಸೆಟ್‌ಟಾಪ್ ಬಾಕ್ಸಿನ ಕೇಬಲ್ ಸಿಕ್ಕಿಸುವ ಜಾಗ) ಕಡೆ ಹೋಗಿದೆಯೋ? ಪವರ್ ಸಪ್ಲೈ ಸರಿ ಇದ್ದು ಎಚ್‌ಡಿಎಂಐ ಸತ್ತಿದ್ದರೆ ಹೊಡೆತ ಕರೆಂಟಿನ ತಂತಿಯೊಂದರಿಂದಲೇ ಬಂದಿರುವ ಸಾಧ್ಯತೆ ಕಡಿಮೆ. ಚಾವಣಿಯ ಡಿಶ್ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ ದಾಟಿರುವ ಸಾಧ್ಯತೆಯೇ ಹೆಚ್ಚು. ನನಗೆ ರಿಪೇರಿಗೆ ಬರುವ ಮಲೆನಾಡಿನ ಸಾಮಾನುಗಳಲ್ಲಿ ಇದು ತುಂಬ ಸಾಮಾನ್ಯ. ನೀವು ಮುಂಬಾಗಿಲಿಗೆ ಬೀಗ ಹಾಕಿದ್ದೀರಿ, ಹಿಂದಿನ ಬಾಗಿಲು ತೆರೆದೇ ಇತ್ತು.

ರೌಟರ್ ಕಥೆಯೂ ಅದೇ ಇರಬಹುದು. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಆದರೆ ಕೆಲವು ಕಡೆ ಫೈಬರ್ ಜೊತೆಗೆ ಆಧಾರಕ್ಕೆ ಲೋಹದ ತಂತಿ ಇರುತ್ತದೆ, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿರಬೇಕು. ರೌಟರಿನಿಂದ ಕೊಟ್ಟಿಗೆಗೋ ಅಂಗಳದ ಸಿಸಿಟಿವಿಗೋ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದೀರಾ? ಎಳೆದಿದ್ದರೆ ಅದು ಇನ್ನೊಂದು ದಾರಿ. ಸಿಡಿಲು ಆ ತಂತಿಗೇ ಬಡಿಯಬೇಕಿಲ್ಲ. ಸಮೀಪದ ಮರಕ್ಕೆ ಹೊಡೆದರೂ ಉದ್ದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಬಲ್ಲದು.

ಇಲ್ಲೊಂದು ಸೂಕ್ಷ್ಮ ಇದೆ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನದಂಡ ಸಂಸ್ಥೆಯಲ್ಲಿ ಫ್ರಾಂಸ್ವಾ ಮಾರ್ಟ್ಜ್‌ಲೋಫ್ ಎಂಬ ಎಂಜಿನಿಯರ್ ಈ ವಿಷಯದಲ್ಲಿ ಬಹಳ ವರ್ಷ ಕೆಲಸ ಮಾಡಿದರು. ಅವರು ಎತ್ತಿ ತೋರಿಸಿದ ಸಂಗತಿ ಇದು: ಕರೆಂಟಿನ ಕಡೆಯ ಸ್ಪೈಕ್ ಗಾರ್ಡ್ ತನ್ನ ಕೆಲಸ ಸರಿಯಾಗಿ ಮಾಡಿ ಹೊಡೆತವನ್ನು ಅರ್ಥ್ ತಂತಿಗೆ ದಾಟಿಸಿದಾಗ, ಆ ಕ್ಷಣ ಅರ್ಥ್ ತಂತಿಯ ವೋಲ್ಟೇಜೇ ಮೇಲೇರುತ್ತದೆ. ಕೇಬಲ್ಲಿನ ಅರ್ಥ್ ಬೇರೆ ಕಡೆ ಇದ್ದರೆ ಎರಡರ ನಡುವೆ ಸಿಕ್ಕಿಬಿದ್ದ ಯಂತ್ರ ಸುಡುತ್ತದೆ. ಅದಕ್ಕೇ ಡಿಶ್ಶಿನ ಕಂಬದ ಅರ್ಥ್ ಬೇರೆ, ಮನೆಯ ಅರ್ಥ್ ಬೇರೆ ಅಂತ ಇರಬಾರದು. ಎರಡನ್ನೂ ಒಂದೇ ಕಡೆ ಸೇರಿಸಬೇಕು. ಟಿವಿಯ ಬಳಿ ಡಿಶ್ ಕೇಬಲ್ಲೂ ಹಾದುಹೋಗುವಂಥ ಸ್ಪೈಕ್ ಗಾರ್ಡ್ ಇದ್ದರೆ ಇನ್ನೂ ಒಳ್ಳೆಯದು.

ಅರ್ಥ್ ವಿಷಯ ಬಂತು. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲದಿರುವುದು ನನಗೆ ಹೆಚ್ಚು ಚಿಂತೆ ತಂದಿತು. ಮೂರು ಪಿನ್ನಿನ ಸ್ಪೈಕ್ ಗಾರ್ಡನ್ನು ಎರಡು ಪಿನ್ನಿನ ಹಳೇ ಸಾಕೆಟ್ಟಿಗೆ ಕನ್ವರ್ಟರ್ ಹಾಕಿ ಸಿಕ್ಕಿಸಿದ ಮನೆಗಳು ಎಷ್ಟೋ. ಅಲ್ಲಿ ಮೂರು ಬಿಲ್ಲೆಗಳಲ್ಲಿ ಎರಡು ಸುಮ್ನೆ ಕೂತಿರುತ್ತವೆ. ಸಾಕೆಟ್ಟಿನಲ್ಲಿ ಅರ್ಥ್ ಇದ್ದರೂ ಅಂಗಳದ ಅರ್ಥ್ ಗುಂಡಿ ಏಪ್ರಿಲ್‌ನಲ್ಲಿ ಕಲ್ಲಿನ ಹಾಗೆ ಒಣಗಿರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಸಿಡಿಲು ಬರುವುದು ಸರಿಯಾಗಿ ಆಗಲೇ. ವೈರ್‌ಮನ್ ಬಲ್ಬ್ ಹಚ್ಚಿ ನೋಡಿ ಅರ್ಥ್ ಚೆನ್ನಾಗಿದೆ ಅಂದರೆ ಒಪ್ಪಬೇಡಿ. ಅರ್ಥ್ ಟೆಸ್ಟರ್ ತಂದು ಓಮ್‌ನಲ್ಲಿ ಅಳೆದು ಹೇಳಲಿ. ಅರ್ಥ್ ಸಿಗುತ್ತಿಲ್ಲ ಅಂತ ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ಸೇರಿಸಿ ಕೊಡುವವರಿದ್ದಾರೆ. ದಯವಿಟ್ಟು ಅದಕ್ಕೆ ಬಿಡಬೇಡಿ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ, ಜೀವವೇ ಹೋಗಬಹುದು.

ಎರಡನೇ ಅವಘಡಕ್ಕೆ ಬರೋಣ. ಬಲ್ಬುಗಳು ಜಾಸ್ತಿ ಬೆಳಗಿ ಸುಟ್ಟದ್ದು ಸಿಡಿಲಿನಿಂದಲ್ಲ. ಎಲ್ಲೋ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರವೋ ಕಂಬದಲ್ಲೋ ನ್ಯೂಟ್ರಲ್ ಕಡಿದಿತ್ತು ಅಂತ ನನ್ನ ಊಹೆ. ಗಾಳಿಗೆ ಅಡಿಕೆ ಸೋಗೆ ಬಿದ್ದರೂ ಸಾಕು. ನಮ್ಮ ಲೈನಿನಲ್ಲಿ ಎರಡು ಫೇಸ್‌ಗಳ ನಡುವೆ 415 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಇರುವವರೆಗೆ ಪ್ರತಿ ಮನೆಗೂ 230. ಅದು ಕಡಿದರೆ 415ನ್ನು ಮನೆಗಳು ತಮ್ಮ ತಮ್ಮ ಲೋಡಿನ ಪ್ರಕಾರ ಹಂಚಿಕೊಳ್ಳುತ್ತವೆ. ಲೋಡ್ ಕಡಿಮೆ ಇರುವ ಫೇಸಿನ ಮನೆಗಳಿಗೆ 350, ಒಮ್ಮೊಮ್ಮೆ 400ರ ಹತ್ತಿರ ಬರುತ್ತದೆ. ಒಂದು ಕ್ಷಣಕ್ಕಲ್ಲ, ಲೈನ್‌ಮನ್ ಬಂದು ಸರಿಮಾಡುವವರೆಗೆ.

400 ವೋಲ್ಟ್ ಬಂದಾಗ ಅಲೆಯ ತುದಿ 560 ದಾಟುತ್ತದೆ. 470ಕ್ಕೆ ತೆರೆಯುವ ಎಂಓವಿ ಬಿಲ್ಲೆ ಒಂದು ಸೆಕೆಂಡಿನಲ್ಲಿ ನೂರು ಸಲ ತೆರೆದು ತೆರೆದು ಕೆಂಡವಾಗುತ್ತದೆ. ಕ್ಷಣಮಾತ್ರದ ಹೊಡೆತಕ್ಕೆಂದು ಮಾಡಿದ ವಸ್ತು ಅದು, ಇಂಥದ್ದನ್ನು ತಾಳಲಾರದು. ನಿಮ್ಮ ಅಡುಗೆಮನೆಯ ಸುಟ್ಟ ವಾಸನೆ ಇದೇ ಇರಬೇಕು. ಥರ್ಮಲ್ ಫ್ಯೂಸ್ ಇದ್ದಿದ್ದರೆ ಬಿಸಿ ಏರಿದ ಕೂಡಲೇ ಬಿಲ್ಲೆಯನ್ನು ಲೈನಿನಿಂದ ಬಿಡಿಸುತ್ತಿತ್ತು. ಇಲ್ಲದಿದ್ದರೆ ಪ್ಲಾಸ್ಟಿಕ್ ಡಬ್ಬಿಗೆ ಬೆಂಕಿ ಹತ್ತಬಹುದು. ಕಳಪೆ ಸ್ಪೈಕ್ ಗಾರ್ಡ್ ಬರೀ ನಿಷ್ಪ್ರಯೋಜಕ ಅಂದುಕೊಂಡರೆ ಸಾಲದು, ಅದು ಅಪಾಯ. ಪರದೆಯ ಹಿಂದೆ, ಹಾಸಿಗೆಯ ಕೆಳಗೆ ಇಡಬೇಡಿ ಎನ್ನುವುದು ಇದಕ್ಕೇ.

ಸ್ಟೆಬಿಲೈಸರ್, ಯುಪಿಎಸ್ ಸಾಲದೇ ಅಂದಿರಿ. ಸ್ಟೆಬಿಲೈಸರ್ ಒಳಗೆ ಟ್ರಾನ್ಸ್‌ಫಾರ್ಮರ್ ಮತ್ತು ರಿಲೇ ಇರುತ್ತವೆ. ವೋಲ್ಟೇಜ್ ಮೆಲ್ಲಗೆ ಏರಿಳಿದರೆ ಅದು ಚೆನ್ನಾಗಿ ಸಂಭಾಳಿಸುತ್ತದೆ. ಆದರೆ ರಿಲೇ ಕದಲುವ ಮೊದಲೇ ಸಿಡಿಲಿನ ಹೊಡೆತ ಬಂದು ಹೋಗಿರುತ್ತದೆ. ಮನೆಯ ಯುಪಿಎಸ್ ಕರೆಂಟ್ ಇರುವಾಗ ಲೈನಿನ ಕರೆಂಟನ್ನೇ ಹಾಗೇ ಒಳಗೆ ಬಿಡುತ್ತದೆ, ಜೊತೆಗೆ ಹೊಡೆತವನ್ನೂ. ಎರಡೂ ಇರಲಿ, ಅವುಗಳ ಕೆಲಸ ಬೇರೆ.

ಈಗ ಏನು ಮಾಡಬಹುದು ಅಂತ ನೋಡೋಣ. ನಾನಾದರೆ ದುಡ್ಡನ್ನು ಈ ಕ್ರಮದಲ್ಲಿ ಹಾಕುತ್ತೇನೆ. ಮೊದಲು ಅರ್ಥ್. ಬೇರೆ ಎಲ್ಲದರ ಕೆಲಸವೂ ಅದರ ಮೇಲೆ ನಿಂತಿದೆ. ಗುಂಡಿ ಹಳೆಯದಾದರೆ ಹೊಸದು ಹಾಕಿಸಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ.

ಆಮೇಲೆ ಮೇನ್ ಬೋರ್ಡಿಗೆ ಒಂದು ವೋಲ್ಟೇಜ್ ಪ್ರೊಟೆಕ್ಟರ್. ಎಂಸಿಬಿ ಪಕ್ಕದಲ್ಲೇ ಕೂರುವ, ವೋಲ್ಟೇಜ್ ಅಂಕಿ ತೋರಿಸುವ ಸಾಧನ ಅದು. 270 ವೋಲ್ಟ್ ಆಸುಪಾಸಿಗೆ ಹೊಂದಿಸಿದರೆ ಅದಕ್ಕಿಂತ ಮೇಲೆ ಹೋದ ಕೂಡಲೇ ಇಡೀ ಮನೆಯ ಕರೆಂಟ್ ಕಡಿಯುತ್ತದೆ, ಸರಿಹೋದ ಸ್ವಲ್ಪ ಹೊತ್ತಿಗೆ ತಾನೇ ಕೊಡುತ್ತದೆ. ನ್ಯೂಟ್ರಲ್ ಕಡಿದಾಗ ಕಾಪಾಡುವುದು ಇದು, ಸ್ಪೈಕ್ ಗಾರ್ಡ್ ಅಲ್ಲ. ಇದರ ತೊಂದರೆ ಏನೆಂದರೆ ನಿಮ್ಮ ಊರಿನ ವೋಲ್ಟೇಜ್ ಸದಾ ಏರಿಳಿಯುತ್ತಿದ್ದರೆ ದಿನಕ್ಕೆ ಹಲವು ಸಲ ಕರೆಂಟ್ ಹೋಗಿ ಬಂದು ಬೇಸರ ತರಿಸುತ್ತದೆ. ಆಗ ಅದನ್ನು ತೆಗೆಸಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ಕಾರಣ ಲೈನಿನಲ್ಲಿದೆ.

ಮೂರನೆಯದು ನಿಮ್ಮ ವೈರ್‌ಮನ್ ಹೇಳಿದ ಎಸ್‌ಪಿಡಿ. ಅವರ ಸಲಹೆ ಸರಿಯಾಗಿಯೇ ಇದೆ. ಟೈಪ್ 2 ಅಂತ ಕೇಳಿ, ಐಇಸಿ 61643-11 ಪ್ರಕಾರ ಪರೀಕ್ಷೆಯಾದದ್ದು. ಅದರ ಮೇಲೆ ಯುಸಿ ಅಂತ ಬರೆದಿರುವುದು ಅದು ಸದಾಕಾಲ ತಾಳುವ ವೋಲ್ಟೇಜು. 275 ಬೇಡ, ನಮ್ಮ ಲೈನಿಗೆ 320 ಅಥವಾ 385ರದ್ದು ಇರಲಿ. ಯುಪಿ ಅಂದರೆ ಹೊಡೆತವನ್ನು ಎಷ್ಟಕ್ಕೆ ಇಳಿಸುತ್ತದೆ ಅನ್ನುವುದು. 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಕು. ಮನೆಯ ಸಾಮಾನ್ಯ ಉಪಕರಣಗಳು 2.5 ಕಿಲೋವೋಲ್ಟ್ ಕ್ಷಣಿಕ ಹೊಡೆತ ತಾಳಬೇಕು ಅಂತ ಮಾನದಂಡ ಇದೆ. ಹೆಚ್ಚಿನ ಟೈಪ್ 2 ಎಸ್‌ಪಿಡಿಗಳಲ್ಲಿ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದರೆ ಒಳಗಿನ ಕಾರ್ಟ್ರಿಜ್ ಮಾತ್ರ ಬದಲಿಸಿದರಾಯಿತು.

ಕೂರಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಲೈನಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ಥ್ ಬಾರ್‌ಗೆ ಹೋಗುವ ತಂತಿ ಎಲ್ಲ ಸೇರಿ ಅರ್ಧ ಮೀಟರ್ ಮೀರಬಾರದು. ಹೊಡೆತದ ವೇಗಕ್ಕೆ ಒಂದು ಮೀಟರ್ ತಂತಿಯಲ್ಲೇ ಸಾವಿರ ವೋಲ್ಟ್ ಹುಟ್ಟಬಹುದು. ಒಳ್ಳೆಯ ಎಸ್‌ಪಿಡಿ ತಂದು ತಂತಿಯನ್ನು ಅಂದವಾಗಿ ಸುತ್ತಿ ಬಳಸಿ ತಂದು ಹಾಕಿದ್ದರೆ ಅದರ ಗುಣವೆಲ್ಲ ಆ ಸುತ್ತಿನಲ್ಲೇ ಹೋಯಿತು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಎಸ್‌ಪಿಡಿ ಅದಕ್ಕಿಂತ ಮೊದಲು ಬರಬೇಕು.

ಕೊನೆಗೆ ಟಿವಿ, ರೌಟರ್ ಹತ್ತಿರ ಒಂದು ಒಳ್ಳೆಯ ಸ್ಪೈಕ್ ಗಾರ್ಡ್. ನಿಮ್ಮ ಅಂಗಡಿಯವರ 1,800ರದ್ದರಲ್ಲಿ ನಾನು ಮೇಲೆ ಹೇಳಿದ್ದೆಲ್ಲ ಇದ್ದರೆ ತಗೊಳ್ಳಿ. ಅದನ್ನಷ್ಟೇ ತಂದು ಉಳಿದದ್ದನ್ನು ಬಿಡುತ್ತೇನೆ ಅಂದರೆ ದುಡ್ಡು ಉಳಿಸಿಕೊಳ್ಳಿ. ಐರನ್ ಬಾಕ್ಸ್, ಇಂಡಕ್ಷನ್ ಒಲೆ ಅದಕ್ಕೆ ಹಾಕಬೇಡಿ.

ಇಷ್ಟೆಲ್ಲ ಮಾಡಿದರೂ ಸಿಡಿಲು ನೇರ ಮನೆಗೋ ಸರ್ವಿಸ್ ವೈರಿಗೋ ಬಡಿದರೆ ಇದು ಸಾಲದು. ಒಂದು ಸಿಡಿಲಿನಲ್ಲಿ 30,000 ಆಂಪ್ ಇರುವುದು ಸಾಮಾನ್ಯ, ಲಕ್ಷ ದಾಟುವುದೂ ಉಂಟು. ಮನೆಗೆ ಮಿಂಚುಬಂಧಕ ಹಾಕಿಸಿದರೆ ಜೊತೆಗೆ ನೇರ ಸಿಡಿಲಿನ ಹೊಡೆತಕ್ಕೆಂದೇ ಮಾಡಿದ ಟೈಪ್ 1 ಎಸ್‌ಪಿಡಿಯೂ ಬೇಕಾಗುತ್ತದೆ. ಅದು ದೊಡ್ಡ ಖರ್ಚು. ಎತ್ತರದ ಗುಡ್ಡದ ಮನೆಯಲ್ಲದಿದ್ದರೆ ನಾನು ಮೊದಲು ಅದನ್ನು ಹೇಳುವುದಿಲ್ಲ.

ಖರ್ಚಿಲ್ಲದ ದಾರಿ ಒಂದಿದೆ, ಪ್ಲಗ್ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಅದು ಫೇಸ್ ತಂತಿಯನ್ನು ಮಾತ್ರ ಕೆಲವೇ ಮಿಲಿಮೀಟರ್ ದೂರ ಮಾಡುತ್ತದೆ, ನ್ಯೂಟ್ರಲ್ ಅಲ್ಲೇ ಇರುತ್ತದೆ. ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಿ ದೂರ ಇಡಿ. ಆದರೆ ಗುಡುಗು ನೆತ್ತಿಯ ಮೇಲೆ ಬಂದ ಮೇಲೆ ಎದ್ದು ಹೋಗಿ ತಂತಿ ಮುಟ್ಟಬೇಡಿ. ಸಿಡಿಲು ಆ್ಯಪ್ ಅಥವಾ ದಾಮಿನಿ ಆ್ಯಪ್ ಫೋನಿನಲ್ಲಿ ಹಾಕಿಕೊಂಡರೆ ಮೊದಲೇ ಸೂಚನೆ ಸಿಗುತ್ತದೆ. ಮನೆಯಲ್ಲಿ ಯಾರೂ ಇಲ್ಲದ ದಿನಕ್ಕೆ, ಮಧ್ಯರಾತ್ರಿಯ ಮಳೆಗೆ ಈ ದಾರಿ ನಡೆಯುವುದಿಲ್ಲ. ಅದಕ್ಕೇ ಮೇಲಿನದೆಲ್ಲ ಬೇಕು.

ಅಡುಗೆಮನೆಯಲ್ಲಿ ಸುಟ್ಟ ವಾಸನೆ ಬಂದ ಸ್ಪೈಕ್ ಗಾರ್ಡನ್ನು ಇನ್ನೂ ಬಳಸುತ್ತಿದ್ದರೆ ಇವತ್ತೇ ತೆಗೆಯಿರಿ. ಪ್ಲಗ್ ಕಿತ್ತ ಮೇಲೆ ಅದರ ವೈರನ್ನು ಕತ್ತರಿಸಿಬಿಡಿ, ಬೇರೆ ಯಾರೂ ತಂದು ಸಿಕ್ಕಿಸದ ಹಾಗೆ. ಟಿವಿಯ ಹಿಂದಿನದನ್ನೂ ಇನ್ನು ರಕ್ಷಣೆಗೆ ಅಂತ ಇಟ್ಟುಕೊಳ್ಳಬೇಡಿ. ಅದರ ಬಿಲ್ಲೆ ಆ ಭರಣಿ ಮಳೆಯ ದಿನವೇ ಎಷ್ಟು ಸವೆದಿದೆಯೋ ಹೊರಗಿನಿಂದ ಯಾರಿಗೂ ಹೇಳಲಾಗದು.